ನೂಲು, ಬಟ್ಟೆ ಮತ್ತು ಮೂಲಸಂಕೇತ

ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಅಡಗಿರುತ್ತದೆಯೇ ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳು ಮತ್ತೆ ಮತ್ತೆ ಆರಿಸಿಕೊಂಡ ದೃಷ್ಟಾಂತ ನೂಲು ಮತ್ತು ಬಟ್ಟೆಯದು. ಬಟ್ಟೆಯು ನೂಲಿನಲ್ಲಿ ಅವ್ಯಕ್ತವಾಗಿ ಇದ್ದೇ ಇರುತ್ತದೆ ಎಂಬುದು ಸಾಂಖ್ಯರ ಸತ್ಕಾರ್ಯವಾದವಾದರೆ, ಅದು ಹೊಸದಾಗಿಯೇ ಹುಟ್ಟಿ ನೂಲಿನಲ್ಲಿ ಸಮವಾಯದಿಂದ, ಅಂದರೆ ಬೇರ್ಪಡಿಸಲಾಗದ ಸಂಬಂಧದಿಂದ, ನಿಲ್ಲುತ್ತದೆ ಎಂಬುದು ನ್ಯಾಯ-ವೈಶೇಷಿಕರ ಅಸತ್ಕಾರ್ಯವಾದ. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರು ನೆಲೆಸಿರುವ ಕೊಯಮತ್ತೂರು ಮತ್ತು ಹೆಣೆದ ಬನಿಯನ್ನಿಗೆ ಹೆಸರಾದ ತಿರುಪ್ಪೂರು ಜಿಲ್ಲೆಗಳಲ್ಲಿ ಈ ದೃಷ್ಟಾಂತ ಬರಿಯ ಗ್ರಂಥಸ್ಥ ಮಾತಲ್ಲ, ದಿನದ ದುಡಿಮೆ.

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶವನ್ನು ಮೂಲಸಂಕೇತದಿಂದ, ಅಂದರೆ ಅದನ್ನು ರಚಿಸಿದವರು ಬರೆದ ಪಠ್ಯದಿಂದ, ಕಟ್ಟುವ ಕೆಲಸ ಇದೇ ಪ್ರಶ್ನೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಬಿಡುಗಡೆಯಾದ ಆವೃತ್ತಿಯ ಮೂಲಸಂಕೇತ ನೂತ ನೂಲಿನಂತೆ: ಅದರ ಲಿಸ್ಪ್ ಭಾಷೆಯ ಕಡತಗಳು ಮೊದಲೇ ಸಂಕಲನಗೊಂಡು, ಅಂದರೆ ಯಂತ್ರಕ್ಕೆ ಸುಲಭವಾದ ರೂಪಕ್ಕೆ ಬಂದು, ಜೊತೆಗಿರುತ್ತವೆ. ಅಭಿವೃದ್ಧಿಯ ಹಂತದ ಮೂಲಸಂಕೇತವಾದರೋ ಹಿಂಜದ ಅರಳೆ; ಮೊದಲು ಸಿ ಭಾಷೆಯ ಭಾಗದಿಂದ ಟಿಮ್ಯಾಕ್ಸ್ ಎಂಬ ಬರಿಯ ಚೌಕಟ್ಟು ಹುಟ್ಟಿ, ಅದು ಲಿಸ್ಪಿನಲ್ಲೇ ಬರೆದ ಸಂಕಲಕವನ್ನು ಇದ್ದ ರೂಪದಲ್ಲೇ ಅರ್ಥೈಸುತ್ತಾ ಓಡಿಸಿ, ಆ ಸಂಕಲಕದಿಂದ ಅದನ್ನೇ ಸಂಕಲಿಸಬೇಕಾಗುತ್ತದೆ. ಮಗ್ಗವೇ ತನ್ನನ್ನು ನೇಯ್ದುಕೊಂಡಂತೆ ಕಾಣುವ ಈ ನಡೆಗೆ ಸಾಂಖ್ಯರು ತಲೆದೂಗಬಹುದು. ಆದರೆ ನೇಕಾರನಂತೆ ಹೊರಗಿನಿಂದ ದುಡಿಯುವ ನಿಮಿತ್ತಕಾರಣ, ಇಲ್ಲಿ ಸಿ ಸಂಕಲಕ, ಬೇಕೇ ಬೇಕೆಂಬುದನ್ನು ನೈಯಾಯಿಕರು ಬಿಡಲಾರರು. ಆ ಸಿ ಸಂಕಲಕವನ್ನು ನಂಬುವುದು ಹೇಗೆ? ಮೂಲಸಂಕೇತದಲ್ಲಿ ಎಲ್ಲೂ ಕಾಣದ ಕಳ್ಳದಾರಿಯನ್ನು ಸಂಕಲಕವೇ ಸೇರಿಸಬಲ್ಲದೆಂದು ಗಣಕ ವಿಜ್ಞಾನಿ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದರು. ನೂಲಿನಲ್ಲಿಲ್ಲದ ಬಣ್ಣ ಬಟ್ಟೆಯಲ್ಲಿ ಮೂಡಿದಂತಹ ಈ ಸಂಗತಿ ಸತ್ಕಾರ್ಯವಾದಕ್ಕೆ ನಿಜಕ್ಕೂ ತೊಡಕಿನದು. ತಿರುಪ್ಪೂರಿನ ಹೆಣಿಗೆಯನ್ನು ಎಳೆ ಹಿಡಿದು ಬಿಚ್ಚಿದರೆ ನೂಲು ಮರಳಿ ಸಿಗುತ್ತದೆ. ಆದರೆ ಕಟ್ಟಿಯಾದ ತಂತ್ರಾಂಶವನ್ನು ಬಿಚ್ಚಿದರೆ ಬರೆದವರ ಟಿಪ್ಪಣಿಗಳು ಮರಳುವುದಿಲ್ಲ.