ಕತ್ತರಿ ಹಾಕುವ ಮುನ್ನ

ಮದುವೆ, ನಾಮಕರಣ, ಗೃಹಪ್ರವೇಶಗಳ ವೀಡಿಯೋ ಕ್ಯಾಸೆಟ್ಟುಗಳ ಜೊತೆಗೆ ಇನ್ನೊಂದು ಬಗೆಯ ಕ್ಯಾಸೆಟ್ಟೂ ನಮ್ಮಂಥವರ ಮನೆಗಳ ಅಟ್ಟದಲ್ಲಿ ಉಳಿದುಕೊಂಡಿದೆ. ಅದು ಪ್ರವಾಸದ್ದು. ತೊಂಬತ್ತರ ದಶಕದಲ್ಲಿ ಬಂಧುಬಳಗದ ಒಬ್ಬರಾದರೂ ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುತ್ತಿದ್ದರು. ಅವರು ರಜೆಗೆ ಬರುವಾಗ ತಂದ ಪುಟ್ಟ ಕ್ಯಾಮರಾ ಕೈಯಿಂದ ಕೈಗೆ ದಾಟುತ್ತ ಬೇಲೂರು, ಹಳೇಬೀಡು, ಜೋಗಗಳನ್ನೆಲ್ಲ ಮುಗಿಸಿ ಕೊನೆಗೆ ಕಾಡಿಗೂ ಹೋಗುತ್ತಿತ್ತು. ರಂಗನತಿಟ್ಟಿನ ಕೊಕ್ಕರೆ, ಬಂಡೀಪುರದ ಜಿಂಕೆ, ಕಬಿನಿ ಹಿನ್ನೀರಿನ ಆನೆ ಎಲ್ಲವೂ ಆ ಕಪ್ಪು ಡಬ್ಬಿಯೊಳಗೆ ಸೇರಿಕೊಂಡವು. ಮನೆಗೆ ನೆಂಟರು ಬಂದಾಗ ಕಾಫಿಯ ಜೊತೆಗೆ ಅದನ್ನೂ ತೋರಿಸುವುದು ಆಗಿನ ಉಪಚಾರದ ಒಂದು ಭಾಗವಾಗಿತ್ತು.

ಈಗ ಆ ಕ್ಯಾಸೆಟ್ಟುಗಳಿಗೆ ಕಾಲ ಸಮೀಪಿಸಿದೆ. ಒಳಗಿರುವುದು ಒಂದು ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಅಂಟಿನಲ್ಲಿ ಕೂರಿಸಿದ ಕಬ್ಬಿಣದ ಆಕ್ಸೈಡಿನ ನುಣುಪು ಪುಡಿ. ನಾವು ಕಂಡದ್ದೆಲ್ಲ ಆ ಪುಡಿಯ ಕಾಂತಶಕ್ತಿಯಲ್ಲಿ ಅಡಗಿದೆ. ಮಲೆನಾಡಿನ ತೇವಕ್ಕೆ ಅಂಟು ಸಡಿಲವಾಗುತ್ತದೆ, ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಪಟ್ಟಿ ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ ಸಿಗಬೇಕಲ್ಲ! ವಿಸಿಆರ್ ತಯಾರಿಸುತ್ತಿದ್ದ ಕಡೆಯ ಕಂಪನಿ ಜಪಾನಿನ ಫುನೈ; 2016ರ ಜುಲೈನಲ್ಲಿ ಅದೂ ಆ ಕೆಲಸವನ್ನು ನಿಲ್ಲಿಸಿತು. ಆದ್ದರಿಂದ ಉಳಿಸಿಕೊಳ್ಳಬೇಕೆನ್ನುವವರು ಎಲ್ಲಿಂದಲೋ ಒಂದು ಹಳೆಯ ವಿಸಿಆರ್ ಹುಡುಕಿ, ಅದರ ಹಳದಿ, ಬಿಳಿ, ಕೆಂಪು ವಯರುಗಳನ್ನು ಕಂಪ್ಯೂಟರಿಗೆ ಜೋಡಿಸಿ ಪಟ್ಟಿಯಲ್ಲಿದ್ದದ್ದನ್ನು ಅಂಕಿಗಳಾಗಿ ಬದಲಿಸಿಕೊಳ್ಳುತ್ತಿದ್ದಾರೆ. ಇದರಲ್ಲಿ ಅವಸರ ನಡೆಯದು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅದು ಓಡಿದಷ್ಟೂ ಹೊತ್ತು ನಾವು ಕಾಯಬೇಕು.

ಇಷ್ಟರವರೆಗೆ ಇದು ಯಂತ್ರದ ಕೆಲಸ. ಮುಂದಿನದ್ದು ಮನಸ್ಸಿನ ಕೆಲಸ. ಮೂರು ಗಂಟೆಯ ಚಿತ್ರವನ್ನು ಇವತ್ತು ಯಾರು ನೋಡುತ್ತಾರೆ? ಅಲುಗಾಡಿದ ಭಾಗ ತೆಗೆದು, ಸಂಗೀತ ಸೇರಿಸಿ, ಹತ್ತು ಹದಿನೈದು ನಿಮಿಷಕ್ಕೆ ಇಳಿಸಿ, ಬಂಧುಗಳಿಗೆಲ್ಲ ಮೊಬೈಲಿನಲ್ಲಿ ಕಳಿಸುವುದು ಈಗಿನ ಕ್ರಮ. ಕತ್ತರಿ ಹಾಕುವುದೆಂದರೆ ಬರಿಯ ಕೈಚಳಕ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕು ಎನ್ನುವುದರಲ್ಲಿ ಧರ್ಮಾಧರ್ಮದ ಪ್ರಶ್ನೆಯೊಂದು ಇದ್ದೇ ಇರುತ್ತದೆ. ನಮ್ಮ ಅಕ್ಕನ ಮನೆಯಲ್ಲಿ ಅದು ಎರಡು ಸೆಕೆಂಡಿನ ರೂಪದಲ್ಲಿ ಎದ್ದು ಬಂತು.

ಭಾವನವರು 1996ರ ಬೇಸಿಗೆಯಲ್ಲಿ ಸಂಸಾರ ಸಮೇತ ಮೆಟಡಾರ್ ವ್ಯಾನೊಂದನ್ನು ಬಾಡಿಗೆಗೆ ಹಿಡಿದು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ದಾರಿಯಾಗಿ ಊಟಿಗೆ ಹೋಗಿದ್ದರು. ಆ ಪ್ರವಾಸಕ್ಕೆ ನಾನು ಹೋಗಿರಲಿಲ್ಲ. ನನಗೆ ಗೊತ್ತಿದ್ದದ್ದೆಲ್ಲ ಕ್ಯಾಸೆಟ್ಟಿನಿಂದ, ಅದಕ್ಕಿಂತ ಹೆಚ್ಚಾಗಿ ಭಾವನವರ ಬಾಯಿಂದ. ಟೀವಿಯ ಪಕ್ಕದಲ್ಲಿ ನಿಂತು ಅವರು ವಿವರಣೆ ಕೊಡುವುದು ನಮಗೆಲ್ಲ ಬಲು ಇಷ್ಟ. ‘ನೋಡಿ ನೋಡಿ, ಈಗ ಬರುತ್ತೆ’ ಎನ್ನುವರು. ರಸ್ತೆಯ ಅಂಚಿನಲ್ಲಿ ನಿಂತಿದ್ದ ಹೆಣ್ಣಾನೆ ಕಿವಿ ಅಗಲಿಸಿ ವ್ಯಾನಿನ ಮೇಲೆ ನುಗ್ಗಿ ಬರುವುದು. ಚಿತ್ರ ಅಡಿಮೇಲಾಗುವುದು, ಮಕ್ಕಳು ಚೀರುವರು, ವ್ಯಾನು ಹಿಂದಕ್ಕೆ ಹೋಗುವುದು. ‘ಸುಮ್ಮನೆ ನಿಂತಿದ್ದವರ ಮೇಲೆ ಬಂತು ನೋಡಿ’ ಎಂದು ಭಾವ ಮುಗಿಸುವರು. ನಮ್ಮ ಮನೆತನದಲ್ಲಿ ಆ ಆನೆಗೆ ಇಪ್ಪತ್ತೆಂಟು ವರ್ಷ ಸಿಟ್ಟಿನ ಆನೆ ಎಂದೇ ಹೆಸರು.

ಭಾವ 2019ರಲ್ಲಿ ತೀರಿಕೊಂಡರು. 2024ರ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಆ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಲು ಕೂತ. ಅವನ ಮಗಳು ಅಜ್ಜನನ್ನು ಕಂಡವಳಲ್ಲ, ಅವಳಿಗಾಗಿ ಒಂದು ಚೆಂದದ ಚಿತ್ರಮಾಲೆ ಮಾಡಬೇಕೆಂಬ ಆಸೆ ಅವನದು. ರಜೆಯಲ್ಲಿ ಅಲ್ಲೇ ಇದ್ದ ನಾನೂ ಜೊತೆಗೆ ಕೂತೆ. ಈ ಸಲ ವಿವರಣೆ ಹೇಳುವವರು ಇರಲಿಲ್ಲ. ಕ್ಯಾಸೆಟ್ಟಿನ ಸದ್ದು ಮೊದಲ ಬಾರಿಗೆ ನಮಗೆ ಕೇಳಿಸಿತು. ಆನೆಗಳು ತಮ್ಮ ಪಾಡಿಗೆ ಹುಲ್ಲು ಕಿತ್ತು ಮೇಯುತ್ತಿವೆ. ದೊಡ್ಡದರ ಕಾಲ ಮರೆಯಲ್ಲಿ ಒಂದು ಮರಿ. ಭಾವನವರ ದನಿ, ‘ಒಂದ್ಸಲ ಹಾರನ್ ಹೊಡಿಯಪ್ಪಾ, ಈ ಕಡೆ ತಿರುಗಲಿ.’ ಹಿಂದೆಯೇ ಅಕ್ಕನ ದನಿ, ‘ಬೇಡ ರೀ, ಮರಿ ಇದೆ.’ ಆಮೇಲೆ ಎರಡು ಸಲ ಹಾರನ್ನು. ಆನೆ ತಿರುಗಿತು.

ಅಕ್ಕನ ಮಗ ಅಲ್ಲಿಗೇ ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾರನ್ ಆದಮೇಲಿಂದ ಶುರು ಮಾಡಿದರಾಯಿತು, ಇಷ್ಟನ್ನು ತೆಗೆದುಬಿಡೋಣ’ ಎಂದ. ನಾನು ಬೇಡವೆಂದೆ. ‘ಚಿಕ್ಕಮ್ಮ, ಇದೇನು ಕೋರ್ಟಿಗೆ ಕೊಡೋ ಸಾಕ್ಷಿನಾ? ಮನೆಯವರು ನೋಡೋದಕ್ಕೆ ತಾನೆ?’ ಎಂದು ಅವನ ವಾದ.

ಅವನ ಮಾತಿನಲ್ಲೂ ತೂಕವಿತ್ತು. ತೀರಿಹೋದವರ ತಪ್ಪನ್ನು ಎತ್ತಿ ಆಡಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಭಾವ ಕೆಟ್ಟವರಲ್ಲ. ಅವರ ಮಗನಿಗೆ ಹಕ್ಕಿಗಳ ಹೆಸರು ಕಲಿಸಿದವರೇ ಅವರು. ಆ ಕಾಲದಲ್ಲಿ ಕಾಡಿನ ದಾರಿಯಲ್ಲಿ ಹಾರನ್ನು ಹೊಡೆಯುವುದು, ಕೋತಿಗೆ ಬಾಳೆಹಣ್ಣು ಎಸೆಯುವುದು ಯಾರಿಗೂ ತಪ್ಪೆಂದು ತೋರುತ್ತಿರಲಿಲ್ಲ. ಕಾಣದ ಅಜ್ಜನನ್ನು ಮೊಮ್ಮಗಳು ಮೊದಲ ಸಲ ಕಾಣುವುದೇ ಹೀಗಾಗಬೇಕೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ಆದರೆ ಆ ಎರಡು ಸೆಕೆಂಡು ತೆಗೆದರೆ ಆಗುವುದೇನೆಂದು ನೋಡಿ. ತಪ್ಪು ಇಲ್ಲವಾಗುವುದಿಲ್ಲ, ಅದು ಒಬ್ಬರಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ. ಹಾರನ್ನು ಇದ್ದರೆ, ಮರಿಯನ್ನು ಕಾಯುವ ತಾಯಿ ಹೆದರಿಸಲು ನಾಲ್ಕು ಹೆಜ್ಜೆ ಬಂದಳು ಎಂದಾಗುತ್ತದೆ. ಹಾರನ್ನು ಇಲ್ಲದಿದ್ದರೆ ಕಾರಣವಿಲ್ಲದೆ ಮೈಮೇಲೆ ಬಂದ ದುಷ್ಟ ಪ್ರಾಣಿ ಎಂದಾಗುತ್ತದೆ. ಆನೆ ಸುಮಾರು ಇಪ್ಪತ್ತೆರಡು ತಿಂಗಳು ಗರ್ಭ ಹೊತ್ತು ಒಂದು ಮರಿಯನ್ನು ಹೆರುವ ಜೀವ. ಕಿವಿ ಅಗಲಿಸಿ ಒಂದಿಷ್ಟು ದೂರ ನುಗ್ಗಿ ನಿಂತುಬಿಡುವುದು ಅದರ ಎಚ್ಚರಿಕೆಯ ಭಾಷೆ. ಕ್ಯಾಸೆಟ್ಟಿನಲ್ಲೂ ಅದು ನಿಂತೇ ಬಿಟ್ಟಿತು, ಮುಂದೆ ಬರಲಿಲ್ಲ. ಭಾವನವರ ಕತೆಯಲ್ಲಿ ಈ ನಿಂತದ್ದೂ ಇರುತ್ತಿರಲಿಲ್ಲ.

ಒಂದು ಮನೆಯ ಹಜಾರದಲ್ಲಿ ನಡೆಯುವ ಕತೆಗೆ ಇಷ್ಟೊಂದು ಯೋಚನೆ ಯಾಕೆ ಎಂದು ನೀವು ಕೇಳಬಹುದು. ಕ್ಯಾಸೆಟ್ಟಿನ ಕಾಲದಲ್ಲಿ ನಾನೂ ಕೇಳುತ್ತಿರಲಿಲ್ಲ. ಆಗ ತೋರಿಸುವವರು ಪಕ್ಕದಲ್ಲೇ ಇರುತ್ತಿದ್ದರು, ಅನುಮಾನ ಬಂದರೆ ಕೇಳಬಹುದಿತ್ತು. ಮೊಬೈಲಿನಲ್ಲಿ ಕಳಿಸಿದ ತುಣುಕು ಹಾಗಲ್ಲ. ಅದು ಹೇಳುವವರನ್ನು ಬಿಟ್ಟು ತಾನೊಂದೇ ಊರೂರು ತಿರುಗುತ್ತದೆ. ನಾಲ್ಕನೆಯ ಕೈಗೆ ಹೋಗುವಷ್ಟರಲ್ಲಿ ಯಾರೋ ಅದರ ಮೇಲೆ ‘ಹುಚ್ಚಾನೆ ದಾಳಿ’ ಎಂದು ಬರೆದಿರುತ್ತಾರೆ.

ತೆರೆಯ ಮೇಲಿನ ಸುಳ್ಳು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಉತ್ತರ ಧ್ರುವದ ಕಡೆ ಲೆಮ್ಮಿಂಗ್ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳಿವೆ. 1958ರಲ್ಲಿ ಡಿಸ್ನಿಯವರು ತೆಗೆದ ‘ವೈಟ್ ವೈಲ್ಡರ್‌ನೆಸ್’ ಎಂಬ ಚಿತ್ರದಲ್ಲಿ ಅವು ಗುಂಪುಗುಂಪಾಗಿ ಬಂಡೆಯ ಮೇಲಿಂದ ನೀರಿಗೆ ಬಿದ್ದು ಸಾಯುವಂತೆ ತೋರಿಸಲಾಯಿತು. ಆ ಚಿತ್ರಕ್ಕೆ ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು. 1980ರ ದಶಕದಲ್ಲಿ ಕೆನಡಾದ ಸಿಬಿಸಿ ದೂರದರ್ಶನ ಇದರ ಗುಟ್ಟನ್ನು ಹೊರಗೆಡವಿತು. ಆ ದೃಶ್ಯ ತೆಗೆದದ್ದು ಲೆಮ್ಮಿಂಗುಗಳೇ ಇಲ್ಲದ ಜಾಗದಲ್ಲಿ. ಬೇರೆಡೆಯಿಂದ ತಂದ ಪ್ರಾಣಿಗಳನ್ನು ಚಿತ್ರ ತೆಗೆಯುವವರೇ ಕೆಳಗೆ ದೂಡಿದ್ದರು. ಲೆಮ್ಮಿಂಗುಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ಈಗಲೂ ನಂಬುವವರಿದ್ದಾರೆ. ಅವರು ದೂಡಿದ ಕೈಯನ್ನು ಮರೆಮಾಡಿದರು, ನಾವು ಹಾರನ್ನನ್ನು ಮರೆಮಾಡಲು ಹೊರಟಿದ್ದೆವು. ಪ್ರಮಾಣದಲ್ಲಿ ಅಜಗಜಾಂತರವಿದೆ, ಒಪ್ಪಿದೆ. ಜಾತಿ ಮಾತ್ರ ಒಂದೇ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2025ರ ಆಗಸ್ಟ್‌ನಲ್ಲಿ ಅದೇ ಬಂಡೀಪುರದ ರಸ್ತೆಯಲ್ಲಿ ವಾಹನದಿಂದಿಳಿದು ಆನೆಯ ಹತ್ತಿರ ಚಿತ್ರ ತೆಗೆಯಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಅವರು ಪುಣ್ಯಕ್ಕೆ ಬದುಕಿಕೊಂಡರು. ಅರಣ್ಯ ಇಲಾಖೆ ಅವರಿಗೆ 25,000 ರೂಪಾಯಿ ದಂಡ ಹಾಕಿತು. ದಾರಿಹೋಕರು ತೆಗೆದ ಚಿತ್ರ ನಾಡೆಲ್ಲ ಹರಿದಾಡಿತು. ಆನೆಯ ಹತ್ತಿರ ಹೋದವರು ಯಾರೆಂಬುದು ತಿಳಿದಿದ್ದರಿಂದ ಯಾರೂ ಆನೆಯನ್ನು ದೂರಲಿಲ್ಲ.

ಆನೆ ಎಂದೂ ತಪ್ಪನ್ನೇ ಮಾಡದ ಸಾಧುಪ್ರಾಣಿ ಎಂದು ನಾನು ವಾದಿಸುತ್ತಿಲ್ಲ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ಅವುಗಳ ನೆರೆಹೊರೆಯಲ್ಲೇ ಜನ ಬದುಕಬೇಕಾಗಿದೆ. ನಾನು ಪಾಠ ಹೇಳುವುದು ಹಾಸನದಲ್ಲಿ. ಆಲೂರು, ಸಕಲೇಶಪುರದ ಕಡೆಯ ಮಕ್ಕಳು ನನ್ನ ತರಗತಿಯಲ್ಲಿ ಯಾವಾಗಲೂ ಇರುತ್ತಾರೆ. ‘ರಾತ್ರಿ ಗದ್ದೆಗೆ ಆನೆ ಬಂದಿತ್ತು ಮಿಸ್, ಅಪ್ಪ ಮಲಗಲೇ ಇಲ್ಲ’ ಎಂದು ಅವರು ಹೇಳುವಾಗ ಆ ಮಾತಿನಲ್ಲಿ ಪ್ರವಾಸದ ರೋಮಾಂಚನ ಇರುವುದಿಲ್ಲ. ತೋಟಕ್ಕೆ ಹೋದವರು ಹಿಂತಿರುಗದ ಮನೆಗಳೂ ಆ ಕಡೆ ಇವೆ. ಅಂಥ ಮಕ್ಕಳಿಗೆ ಆನೆಯ ಬಗ್ಗೆ ನಿಜ ತಿಳಿಯುವುದು ಪ್ರಾಣದ ಪ್ರಶ್ನೆ. ಯಾವಾಗ ಅದು ಹೆದರಿಸುತ್ತದೆ, ಯಾವಾಗ ಕೆರಳುತ್ತದೆ, ನಾವು ಏನು ಮಾಡಬಾರದು ಎನ್ನುವುದೆಲ್ಲ ಹಾರನ್ನು ಇರುವ ಚಿತ್ರದಿಂದ ಕಲಿಯಬಹುದು. ಹಾರನ್ನು ಕಳೆದ ಚಿತ್ರ ಭಯವನ್ನಷ್ಟೇ ಕಲಿಸುತ್ತದೆ.

ವಾದ ಹೀಗೆ ನಡೆಯುತ್ತಿರುವಾಗ ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಮೊದಲಿಗೆ ಅವಳು ಮಗನ ಪಕ್ಷ. ‘ತೆಗೆದುಬಿಡು, ಅವರೇ ಇಲ್ಲ, ಈಗ್ಯಾಕೆ’ ಎಂದಳು. ಅವಳಿಗೆ ಹಾರನ್ನಿನ ವಿಷಯ ಹೊಸದಲ್ಲ. ವ್ಯಾನಿನಲ್ಲಿ ಇದ್ದವಳೇ ಅವಳು. ಅಷ್ಟು ವರ್ಷ ಭಾವ ಕತೆ ಹೇಳುವಾಗಲೆಲ್ಲ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದವಳು. ನಾನು, ‘ಅಕ್ಕ, ಹಾರನ್ ತೆಗೆದರೆ ನೀನು ಬೇಡ ಅಂದದ್ದೂ ಹೋಗುತ್ತೆ’ ಎಂದೆ. ಅವಳಿಗೆ ಅದು ಗೊತ್ತಿರಲಿಲ್ಲ. ‘ನಾನಂದದ್ದು ಕೇಳಿಸುತ್ತಾ?’ ಎಂದು ಕೇಳಿದಳು. ಮಗ ಸದ್ದು ಜೋರು ಮಾಡಿ ಹಾಕಿದ. ಇಪ್ಪತ್ತೆಂಟು ವರ್ಷದ ಹಿಂದಿನ ತನ್ನ ದನಿಯನ್ನು ಅವಳು ಎರಡು ಸಲ ಕೇಳಿಸಿಕೊಂಡಳು. ‘ಇರಲಿ ಬಿಡು. ಮಗು ಕೇಳಿದರೆ ನಾನೇ ಹೇಳ್ತೀನಿ’ ಎಂದು ಒಳಗೆ ಹೋದಳು.

ಆಮೇಲೆ ನನಗೆ ಅನ್ನಿಸಿದ್ದಿಷ್ಟು. ಕತ್ತರಿ ಹಾಕುವಾಗ ನಾವು ಒಬ್ಬರ ಮಾನವನ್ನು ಕಾಯುತ್ತಿದ್ದೇವೆ ಎಂದುಕೊಂಡಿರುತ್ತೇವೆ. ಅದೇ ಹೊತ್ತಿಗೆ ಇನ್ಯಾರದೋ ಮಾತನ್ನೂ ಕತ್ತರಿಸಿರುತ್ತೇವೆ. ಆ ವ್ಯಾನಿನಲ್ಲಿ ಸರಿಯಾದ ಮಾತನ್ನು ಸರಿಯಾದ ಹೊತ್ತಿಗೆ ಆಡಿದವಳು ಅಕ್ಕ ಒಬ್ಬಳೇ. ಮನೆಯ ಕತೆಯಲ್ಲಿ ಆ ಮಾತಿಗೆ ಜಾಗವಿರಲಿಲ್ಲ. ಹಾಗೆ ಜಾಗ ಸಿಗದ ಹೆಂಗಸರ ಮಾತುಗಳು ನಮ್ಮ ನಿಮ್ಮ ಮನೆಗಳ ಕ್ಯಾಸೆಟ್ಟುಗಳಲ್ಲಿ ಇನ್ನೆಷ್ಟಿವೆಯೋ.

ನಿಮ್ಮಲ್ಲೂ ಹಳೆಯ ಕ್ಯಾಸೆಟ್ಟುಗಳಿದ್ದರೆ ಒಂದೆರಡು ಮಾತು ಹೇಳುತ್ತೇನೆ. ಬೂಷ್ಟು ಹಿಡಿದದ್ದನ್ನು ಹಾಗೇ ಯಂತ್ರಕ್ಕೆ ಹಾಕಬೇಡಿ. ಪಟ್ಟಿಯೂ ಹಾಳು, ಯಂತ್ರವೂ ಹಾಳು. ಮೊದಲು ಇಡೀ ಕ್ಯಾಸೆಟ್ಟನ್ನು ಒಂದು ಚೂರೂ ಬಿಡದೆ ಡಿಜಿಟಲ್ ಮಾಡಿಸಿ, ಊರು, ತಿಂಗಳು, ವರ್ಷ ಬರೆದು ಎರಡು ಕಡೆ ಕಾಪಿಟ್ಟುಕೊಳ್ಳಿ. ಹಂಚುವುದಕ್ಕೆ ಚಿಕ್ಕದನ್ನು ಬೇರೆಯಾಗಿ ಮಾಡಿ. ಅದರಲ್ಲಿ ಅಲುಗಾಡಿದ್ದನ್ನು ತೆಗೆಯಿರಿ, ಬರಿಯ ಪೊದೆ ಕಂಡ ಹತ್ತು ನಿಮಿಷವನ್ನು ಅರ್ಧ ನಿಮಿಷ ಮಾಡಿ. ಬೇಸರವನ್ನು ಕತ್ತರಿಸಬಹುದು, ಕಾರಣವನ್ನು ಕತ್ತರಿಸಬಾರದು. ಇನ್ನೆಲ್ಲಿಯದೋ ಹುಲಿಯ ಗರ್ಜನೆ, ಆನೆಯ ಘೀಳನ್ನು ತಂದು ಅಂಟಿಸಬೇಡಿ. ಯಾರಾದರೂ ಕಾಣಿಸಿಕೊಂಡಿದ್ದರೆ, ಬದುಕಿರುವವರನ್ನು ಒಂದು ಮಾತು ಕೇಳಿ ಕಳಿಸಿ.

ಅಕ್ಕನ ಮಗನ ಚಿತ್ರಮಾಲೆ ಹನ್ನೆರಡು ನಿಮಿಷದ್ದಾಯಿತು. ಹಾರನ್ನು ಅದರಲ್ಲಿದೆ. ಅಕ್ಕ ಬೇಡವೆಂದದ್ದಿದೆ, ಆನೆ ನುಗ್ಗಿದ್ದು, ನಿಂತದ್ದು ಎಲ್ಲವೂ ಇದೆ. ಕಾಡಾನೆ ಅರವತ್ತು ವರ್ಷದವರೆಗೂ ಬದುಕಬಲ್ಲದು. ಆ ಮರಿ ಹೆಣ್ಣಾಗಿದ್ದು ಉಳಿದುಕೊಂಡಿದ್ದರೆ ಈಗ ಅದೇ ಕಾಡಿನಲ್ಲಿ ತನ್ನ ಮರಿಗಳನ್ನು ಕಟ್ಟಿಕೊಂಡು ರಸ್ತೆ ದಾಟುತ್ತಿರಬೇಕು. ತನ್ನ ತಾಯಿ ಅಂದು ಯಾಕೆ ನುಗ್ಗಿದಳು ಎಂದು ಅದು ಬಂದು ನಮಗೆ ಹೇಳಲಾರದು. ಅದರ ಪರವಾಗಿ ಹೇಳುವುದಕ್ಕೆ ಇರುವುದು ಆ ಎರಡು ಸೆಕೆಂಡು ಮಾತ್ರ.