ಇಂದಿನ ಚಿಂತನೆ: ಇಬ್ಬರೂ ಕರಿ ಕಾಯಿಯವರು

 

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಜೊತೆ ಚೆಸ್ ಆಡಲು ಕೂತೆ. (ಬ್ರಹ್ಮಜಾಲ ಸುತ್ತದಲ್ಲಿ ಎಂಟು ಮನೆಯ ಪಟದಾಟ ಶ್ರಮಣರಿಗೆ ಬೇಡ ಎಂದಿದೆ. ನಾನು ಗೃಹಸ್ಥ, ಬಳಗದವರು ಕ್ಷಮಿಸಬೇಕು.) ಅವಳದು ಬಿಳಿ. ಮಂತ್ರಿ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಳು. ಇಂಗ್ಲೆಂಡಿನ ಸ್ಟಾಂಟನ್ 1843ರಲ್ಲಿ ಫ್ರಾನ್ಸಿನ ಸೇಂಟ್ ಅಮಾಂ ವಿರುದ್ಧ ಹೀಗೆ ಆಡಿದ್ದರಿಂದ ಇದಕ್ಕೆ ಇಂಗ್ಲಿಷ್ ಓಪನಿಂಗ್ ಎನ್ನುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ, ಅವಳು ಮಾಡಿದ್ದನ್ನೇ ಮಾಡಿದೆ. ಕುದುರೆಗೆ ಕುದುರೆ, ಒಂಟೆಗೆ ಒಂಟೆ, ಕೋಟೆಗೆ ಕೋಟೆ. ಆರು ನಡೆಯ ತನಕ ಪಟದ ನಡುವೆ ಕನ್ನಡಿ ಇಟ್ಟಂತಿತ್ತು.

ಏಳನೇ ನಡೆಗೆ ಮಂತ್ರಿಯ ಮುಂದಿನ ಕಾಲಾಳು ನೂಕಿದಳು, ನಾನೂ ನೂಕಿದೆ. ಎಂಟಕ್ಕೆ ಕಾಲಾಳು ಹೊಡೆದಳು, ನಾನೂ ಹೊಡೆದೆ. ಒಂಬತ್ತಕ್ಕೆ ಕುದುರೆ, ನನ್ನದೂ ಕುದುರೆ. ಹತ್ತಕ್ಕೆ, ತೆರೆದ ಸಾಲಿನಲ್ಲಿ ಅವಳ ಮಂತ್ರಿ ನನ್ನ ಮಂತ್ರಿಯನ್ನು ಹೊಡೆಯಿತು. ಅದೇ ನಡೆ ತಿರುಗಿ ಆಡಲು ನನ್ನ ಬಳಿ ಮಂತ್ರಿಯೇ ಇಲ್ಲ! ಆನೆಯಿಂದ ಹೊಡೆದು ಸರಿಮಾಡಿದೆ. ಆದರೆ ಗಾಬರಿಯಲ್ಲಿ ಒಂದು ಕಾಲಾಳು ಹೋಯಿತು, ಕೊನೆಗೆ ಆಟವೂ. "ಸರ್, ನೀವು ನನ್ನ ನೋಡಿ ಆಡತಿದ್ರಿ, ಪಟ ನೋಡಲಿಲ್ರಿ" ಅಂದಳು.

ಈ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ. ಜಮಖಂಡಿಯಲ್ಲಿ ನಾನು, ಮುಧೋಳದಲ್ಲಿ ಅಣ್ಣ. ಘಟಪ್ರಭಾ ದಂಡೆಯ ಕಬ್ಬಿನ ಹೊಲದ ಬದುವಿಗಾಗಿ ನಾಲ್ಕು ವರ್ಷದಿಂದ ಮಾತಿಲ್ಲ. ಅವನು ನನ್ನ ಗೃಹಪ್ರವೇಶಕ್ಕೆ ಬರಲಿಲ್ಲ, ನಾನು ಅವನ ಮಗನ ಮದುವೆಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ "ಅವ ಮಾಡಿದ್ದನ್ನ ನಾ ಮಾಡೀನಿ" ಅನ್ನುತ್ತೇನೆ. ಅಣ್ಣನೂ ಇದನ್ನೇ ಹೇಳುತ್ತಾನಂತೆ. ಚೆಸ್‌ನಲ್ಲಿ ಬಿಳಿ ಯಾರದೆಂದು ಎಲ್ಲರಿಗೂ ಕಾಣುತ್ತದೆ. ನಮ್ಮ ಜಗಳದಲ್ಲಿ ಇಬ್ಬರೂ ಕರಿ ಕಾಯಿಯವರೇ.

ತಿರುಗಿ ಕೊಟ್ಟದ್ದು ನನ್ನ ಕರ್ಮ ಹೌದೋ ಅಲ್ಲವೋ? ಕರ್ಮವೆಂದರೆ ಚೇತನ, ಅಂದರೆ ಮನಸ್ಸಿನ ಸಂಕಲ್ಪ ಎಂದು ಅಂಗುತ್ತರ ನಿಕಾಯದಲ್ಲಿ ಬುದ್ಧರು ಹೇಳುತ್ತಾರೆ. ನಡೆ ಅಣ್ಣನಿಂದ ಕಲಿತದ್ದಿರಬಹುದು, ಮದುವೆಯ ದಿನ ಬಾಗಿಲು ಹಾಕಿ ಕೂತ ಸಂಕಲ್ಪ ನನ್ನದೇ. ರಾಜಗೃಹದ ವೇಳುವನದಲ್ಲಿ ಭಾರದ್ವಾಜನೊಬ್ಬ ಬಂದು ಬುದ್ಧರನ್ನು ಬಾಯಿಗೆ ಬಂದಂತೆ ಬೈದ ಪ್ರಸಂಗ ನಿಮಗೆ ಗೊತ್ತಿದೆ. ನೆಂಟರು ಉಣ್ಣದೆ ಬಿಟ್ಟ ಊಟ ಯಾರದು ಎಂದು ಬುದ್ಧರು ಕೇಳಿದರು. ನನ್ನದೇ ಎಂದ. ಬೈದವನಿಗೆ ತಿರುಗಿ ಬೈಯುವುದು ಅವನ ಜೊತೆ ಕೂತು ಅದೇ ಊಟ ಉಂಡಂತೆ, ನಾನು ಉಣ್ಣುವುದಿಲ್ಲ ಎಂದರು. ನಾನು ನಾಲ್ಕು ವರ್ಷ ಉಂಡಿದ್ದೇನೆ.

ಹಾಗಂತ ಬದು ಬಿಟ್ಟುಕೊಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಆನೆಯಿಂದ ಹೊಡೆದದ್ದು ತಪ್ಪಲ್ಲ, ಇಡೀ ಆಟದಲ್ಲಿ ನಾನು ಪಟ ನೋಡಿ ಆಡಿದ್ದು ಅದೊಂದೇ ನಡೆ. ಬದುವಿಗೆ ಸರ್ವೇ ಇದೆ, ಮೋಜಣಿ ಇದೆ. ಹುಡುಗನ ಮದುವೆಗೆ ಅಕ್ಕಿಕಾಳು ಹಾಕದೆ ಉಳಿದದ್ದಕ್ಕೂ ಬದುವಿಗೂ ಏನು ಸಂಬಂಧ?

ಅಣ್ಣನ ಸೊಸೆಗೆ ಈ ತಿಂಗಳು ಕುಬಸ. ನನಗೆ ಕರೆ ಬಂದಿಲ್ಲ. ಸೀರೆ ತರಲು ಇವತ್ತು ಬನಹಟ್ಟಿಗೆ ಹೊರಟಿದ್ದೇನೆ.