ಎಣಿಕೆಗೆ ಸಿಗದ ಕಾಯಕ

ಸಾಗರ ತಾಲ್ಲೂಕಿನ ವರದಮೂಲ ಭಕ್ತರ ಪಾಲಿಗೆ ವರದಾ ನದಿ ಹುಟ್ಟುವ ಪುಣ್ಯಕ್ಷೇತ್ರ. ಜನಗಣತಿಗೆ ಅದೂ ಎಲ್ಲ ಹಳ್ಳಿಗಳಂತೆ ಕೋಷ್ಟಕದ ಒಂದು ಸಾಲು: ಜನಸಂಖ್ಯೆ, ಅಕ್ಷರಸ್ಥರು, ಕೆಲಸಗಾರರು, ಕೆಲಸಗಾರರಲ್ಲದವರು. 2011ರ ಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿಯವರು. ಮನೆಗೆಲಸವನ್ನಷ್ಟೇ ಮಾಡುವವರು ಕೆಲಸಗಾರರೇ ಅಲ್ಲ. ಆರ್ಥಿಕ ಲೆಕ್ಕಕ್ಕೆಂದು ಮಾಡಿಕೊಂಡ ಈ ವಿಂಗಡಣೆಯನ್ನು ನಾವು ಮನುಷ್ಯರ ಯೋಗ್ಯತೆಯ ಅಳತೆಯೆಂದು ಒಪ್ಪಿಕೊಂಡುಬಿಟ್ಟರೆ, ಕಾಯಕದ ಬಗ್ಗೆ ಈ ನಾಡು ಕಂಡುಕೊಂಡ ಸತ್ಯವನ್ನೇ ಕೈಬಿಟ್ಟಂತೆ.

ಅಡಿಕೆ ಸೀಮೆಯ ಬದುಕನ್ನೇ ನೋಡಿ. ಕೊನೆಕೊಯ್ಲು ಶುರುವಾದರೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೂ ಅಡಿಕೆ ಸುಲಿಯುತ್ತಾರೆ. ಬೇಯಿಸಿ ಒಣಗಿಸುವುದರಲ್ಲೂ ಅವರ ಕೈಯಿದೆ. ಸುಗ್ಗಿ ಕೆಲವೇ ತಿಂಗಳದ್ದಾದ್ದರಿಂದ ಗಣತಿಯಲ್ಲಿ ಅವರು ಹೆಚ್ಚೆಂದರೆ ಅಲ್ಪಾವಧಿಯವರು. ಆದರೆ ಕೊಟ್ಟಿಗೆಗೆ ದರಕು (ಒಣ ಎಲೆ) ಹೊರುವುದಕ್ಕೆ, ಆಳುಕಾಳಿಗೆ ಅಡುಗೆ ಮಾಡುವುದಕ್ಕೆ, ಮುದುಕರ ಆರೈಕೆಗೆ ಸುಗ್ಗಿಯ ಗಡುವಿಲ್ಲ. ಅಕ್ಷರದ ಮಾತೂ ಹೀಗೆಯೇ. ಏಳು ವರ್ಷ ದಾಟಿದವರು ಯಾವುದಾದರೊಂದು ಭಾಷೆಯನ್ನು ತಿಳಿದು ಓದಿ ಬರೆಯಬಲ್ಲರೆ ಅಕ್ಷರಸ್ಥರು. ಈ ಸೀಮೆಯ ದೀವರ ಹೆಂಗಸರು ಗೋಡೆಯ ಮೇಲೆ ಲೆಕ್ಕ ತಪ್ಪದೆ ಎಳೆಯುವ ಹಸೆ ಚಿತ್ತಾರಕ್ಕೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ಅಕ್ಷರ ಎಲ್ಲರಿಗೂ ಬೇಕು, ಅದು ಹಕ್ಕು. ಅಕ್ಷರ ಬಾರದವರಿಗೆ ತಿಳಿವೇ ಇಲ್ಲವೆನ್ನುವುದು ಮಾತ್ರ ಸುಳ್ಳು.

ಎಲ್ಲವನ್ನೂ ಎಣಿಸಲು ಸರ್ಕಾರಕ್ಕೆ ಸಾಧ್ಯವೇ ಎಂದು ಕೇಳಬಹುದು. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದುದ್ದಕ್ಕೂ ಸಮಯ ಬಳಕೆಯ ಸಮೀಕ್ಷೆ ನಡೆಸಿ, ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಜನ ಕೊಡುವ ಹೊತ್ತನ್ನೂ ಅಳೆಯಿತು. ಎಣಿಸಬೇಕೆಂದು ತೀರ್ಮಾನಿಸಿದರೆ ದಾರಿ ಇದೆ ಎನ್ನಲು ಅಷ್ಟು ಸಾಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕೂಲಿಯಿಲ್ಲದ ದುಡಿಮೆಯನ್ನು ಪವಿತ್ರವೆಂದು ಹೊಗಳುವುದು ದುಡಿಯುವವರ ಬಾಯಿ ಮುಚ್ಚಿಸುವ ಉಪಾಯವಲ್ಲವೆ? ಹಾಗೆ ಆಗಿರುವುದುಂಟು, ಹೆಂಗಸನ್ನು ಮನೆಯ ಲಕ್ಷ್ಮಿಯೆಂದು ಕರೆದು ಪಾಲು ಕೊಡದಿರುವುದು ಸುಲಭ. ಹನ್ನೆರಡನೆಯ ಶತಮಾನದ ಶರಣರ ಕಾಯಕ ಆ ಬಗೆಯದಲ್ಲ. ಅವರಲ್ಲೊಬ್ಬನಾದ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯ ಮೀರಿ ಅಕ್ಕಿ ತಂದಾಗ, ಅದನ್ನು ಮರಳಿಸಿ ಬರಬೇಕೆಂದವಳು ಹೆಂಡತಿ ಲಕ್ಕಮ್ಮ. ಮನೆಗೆ ಎಷ್ಟು ಬರಬೇಕು, ಯಾವುದು ಸಲ್ಲದು ಎಂದು ತೀರ್ಮಾನಿಸುವ ಅಧಿಕಾರ ಅವಳಿಗಿತ್ತು. ಕಾಯಕ ಮಾಡಿದವರಿಗೆ ಅದರ ಫಲದ ಬಗ್ಗೆ ಮಾತಿರಬೇಕು. ಆ ಮಾತಿಲ್ಲದ ದುಡಿಮೆ ಬರೀ ಜೀತ.

ಈ ತಾಲ್ಲೂಕಿಗೆ ಈ ವಾದ ಹೊಸದೇನಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ, ಉತ್ತವನ ಬೆವರಿಗೆ ಬೆಲೆಯೇನು ಎಂಬ ಪ್ರಶ್ನೆ ರಾಜ್ಯವನ್ನೇ ಅಲುಗಿಸಿತು. 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿಸಿತು. ಆದರೆ ಪಹಣಿಗೆ ಬಂದದ್ದು ಬಹುಪಾಲು ಗಂಡಸರ ಹೆಸರು. ಆ ನ್ಯಾಯ ಇನ್ನೂ ಅರ್ಧದಲ್ಲೇ ನಿಂತಿದೆ. ಮೆಟ್ಟುಗತ್ತಿಯ ಮುಂದೆ ಕೂತವಳ ಹೆಸರು ಪಹಣಿಯಲ್ಲಿ ಸೇರಿ, ಅಡಿಕೆ ಮಾರಿದ ಹಣದಲ್ಲಿ ಅವಳ ಮಾತು ನಡೆದ ದಿನ ಕಾಯಕ ತತ್ವ ಈ ಮಣ್ಣಿನಲ್ಲಿ ಆಚರಣೆಗೆ ಬಂತೆನ್ನಬಹುದು.